ಬಂದರಿನಿಂದ ವಾಪಸ್ ಕರೆಸಿದ ಪಾಸ್ತಾ

ನಾನು ಸಹಿ ಮಾಡಿದ ಕಾಗದದಲ್ಲಿ ಹನ್ನೊಂದು ಸಾಲುಗಳಿದ್ದವು. ಒಂಬತ್ತನೆಯ ಸಾಲನ್ನು ಓದಿದಾಗ ನನಗೆ ನಗು ಬಂದಿತ್ತು. ಈ ಪದಾರ್ಥದಲ್ಲಿ ಶೇಂಗಾ ಇಲ್ಲ, ಇದನ್ನು ತಯಾರಿಸುವ ಜಾಗದಲ್ಲೂ ಶೇಂಗಾ ಬಳಸುವುದಿಲ್ಲ ಎಂದು ಆ ಸಾಲು ಹೇಳುತ್ತಿತ್ತು. ಪಾಸ್ತಾಕ್ಕೆ ಯಾರು ಶೇಂಗಾ ಹಾಕುತ್ತಾರೆ ಎಂದುಕೊಂಡು, ಟೀ ಲೋಟವನ್ನು ಪಕ್ಕಕ್ಕೆ ಸರಿಸಿ, ಸಹಿ ಹಾಕಿ ಮೊಹರು ಒತ್ತಿದೆ. ನನ್ನ ಕೆಲಸದ ಬದುಕಿನಲ್ಲಿ ಆ ಸಾಲು ಹೆದರಿಸಿದಷ್ಟು ಬೇರೇನೂ ನನ್ನನ್ನು ಹೆದರಿಸಿಲ್ಲ.

ರಾಯದುರ್ಗದಿಂದ ಬಳ್ಳಾರಿ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಕಾರ್ಖಾನೆ. ಕಾರ್ಖಾನೆ ಎನ್ನುವುದು ದೊಡ್ಡ ಮಾತಾಯಿತು. ಎರಡು ತಗಡಿನ ಶೆಡ್ಡು, ಒಂದು ಒಣಗಿಸುವ ಕೋಣೆ, ಒಂದು ಆಫೀಸು. ಮೊದಲು ಇಲ್ಲಿ ಸುತ್ತಲಿನ ಅಂಗಡಿಗಳಿಗೆ ಶ್ಯಾವಿಗೆ ಮಾಡುತ್ತಿದ್ದರು. ನಾನು ಗುಣಮಟ್ಟ ನೋಡಿಕೊಳ್ಳುವವಳಾಗಿ ಸೇರಿದ ಮೇಲೆ ರವೆಗೆ ರಾಗಿ ಹಿಟ್ಟು ಬೆರೆಸಿ ಪಾಸ್ತಾ ಮಾಡುವುದನ್ನು ಶುರು ಮಾಡಿದೆವು. ರಾಗಿ ನಮ್ಮೂರಿನ ಕಡೆಯದು, ಮಡಕಶಿರಾದ್ದು. ಅದನ್ನು ಅಲ್ಲಿಂದಲೇ ತರಿಸಬೇಕೆಂದು ಹಟ ಮಾಡಿದವಳು ನಾನೇ. ಯುರೋಪಿನ ಒಂದು ಬಂದರು ನಗರದ ವ್ಯಾಪಾರಿಯೊಬ್ಬ ಮಾದರಿ ತರಿಸಿಕೊಂಡು, ರುಚಿ ನೋಡಿ, ಒಂದು ಕಂಟೇನರ್ ಕಳಿಸಿ ಎಂದ. ಆತ ಅಂಗಡಿಗಳಿಗಷ್ಟೇ ಅಲ್ಲ, ಶಾಲೆಗಳ ಊಟದ ಕೋಣೆಗಳಿಗೂ ಸರಬರಾಜು ಮಾಡುವವನು. ಅದಕ್ಕೇ ಆ ಹನ್ನೊಂದು ಸಾಲಿನ ಕಾಗದ.

ನಮ್ಮ ಸಾಹುಕಾರರು ಒಳ್ಳೆಯ ಮನುಷ್ಯ, ಆದರೆ ಮೊದಲ ಸಲ ವಿದೇಶಕ್ಕೆ ಮಾಲು ಕಳಿಸುವವರು. ಅವರ ಭಯವೆಲ್ಲ ಬೇಗ ನನ್ನ ಭಯವಾಯಿತು. ನೂರು ತುಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮುರಿದಿದ್ದರೆ ಮಾಲು ತಿರಸ್ಕರಿಸುತ್ತೇನೆ ಎಂದು ವ್ಯಾಪಾರಿ ಬರೆದಿದ್ದ. ನಮ್ಮಲ್ಲಿ ಆಗ ಹನ್ನೆರಡು, ಹದಿಮೂರು ಮುರಿಯುತ್ತಿದ್ದವು. ರಾಗಿಗೆ ಹಿಟ್ಟನ್ನು ಹಿಡಿದಿಡುವ ಜಿಗಿ ಇಲ್ಲ. ಅಚ್ಚಿನಿಂದ ಹೊರಬಂದ ಹಸಿ ಪಾಸ್ತಾ ಒಣಗಿಸುವ ತಟ್ಟೆಯ ಜಾಲರಿಗೆ ಅಂಟಿಕೊಳ್ಳುತ್ತಿತ್ತು, ಬಿಡಿಸುವಾಗ ಹರಿಯುತ್ತಿತ್ತು. ಅದರ ಮೇಲೆ ನಮ್ಮ ಗಾಳಿ. ರಾಯದುರ್ಗದ ಒಣಗಾಳಿಗೆ ಹೊರಮೈ ಒಂದೇ ತಾಸಿನಲ್ಲಿ ಒಣಗಿ, ಒಳಗೆ ಹಸಿ ಉಳಿದು, ಎರಡು ದಿನ ಬಿಟ್ಟು ನೋಡಿದರೆ ಸಣ್ಣ ಬಿರುಕು ಬಿಟ್ಟಿರುತ್ತಿತ್ತು. ಪೊಟ್ಟಣದೊಳಗೆ ಹೋದ ಮೇಲೆ ಪುಡಿ.

ನಾನು ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿಸಿದೆ. ಫ್ಯಾನಿನ ವೇಗ ಇಳಿಸಿದೆ. ಮೊದಲ ನಾಲ್ಕು ತಾಸು ಇಷ್ಟು ಬಿಸಿ, ಆಮೇಲೆ ಇಷ್ಟು ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ತಟ್ಟೆಗೆ ಪಾಸ್ತಾ ಹರಡುವ ಹೆಂಗಸರ ಬೆನ್ನು ಬಿದ್ದೆ. ಅವರು ಇಪ್ಪತ್ತೆರಡು ಜನ, ಗುಮ್ಮಘಟ್ಟ, ಬೊಮ್ಮನಹಾಳ್ ಕಡೆಯ ಹಳ್ಳಿಗಳಿಂದ ಶೇರ್ ಆಟೋದಲ್ಲಿ ಬರುತ್ತಿದ್ದರು. ಅವರಲ್ಲಿ ಹಿರಿಯಳಾದ ಗುಮ್ಮಘಟ್ಟದ ಅಕ್ಕ ಉಳಿದವರಿಗೆಲ್ಲ ಮೇಸ್ತ್ರಿ ಇದ್ದಂತೆ. ದಿನವೂ ಅವಳ ಮುಂದೆ ಮುರಿದ ಚೂರುಗಳನ್ನು ಹರವಿ, ಇದು ನಿಮ್ಮ ಕೈಯಿಂದ ಆದದ್ದು ಎಂದು ಹೇಳುತ್ತಿದ್ದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು.

ಒಂದು ದಿನ ಮುರಿಯುವುದು ಇದ್ದಕ್ಕಿದ್ದಂತೆ ಇಳಿಯಿತು. ಹನ್ನೆರಡಿದ್ದದ್ದು ಐದು, ಐದಿದ್ದದ್ದು ಎರಡು. ನನ್ನ ಪಟ್ಟಿ ಫಲ ಕೊಟ್ಟಿತೆಂದು ನಾನು ಹಿಗ್ಗಿಹೋದೆ. ದಿನ ದಿನದ ಲೆಕ್ಕವನ್ನು ಗೆರೆ ಎಳೆದು ಚಿತ್ರ ಮಾಡಿ ಸಾಹುಕಾರರಿಗೆ ತೋರಿಸಿದೆ. ಅವರು ಅದನ್ನು ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದರು. ಬಂದವರಿಗೆಲ್ಲ, ನಮ್ಮ ಮೇಡಂ ಬುದ್ಧಿ ನೋಡ್ರಿ ಎನ್ನುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತಲೇ ಆ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದೆ.

ಅಲ್ಲಿಂದ ಮುಂದೆ ನಮ್ಮ ಭಯ ಸಮುದ್ರದ ಕಡೆ ತಿರುಗಿತು. ದೂರದ ಯಾವುದೋ ಗಲಾಟೆಯಿಂದ ಹಡಗುಗಳು ಸುತ್ತುದಾರಿ ಹಿಡಿದಿವೆ, ಬಾಡಿಗೆ ಏರಿದೆ ಎಂದು ನಮ್ಮ ಮಾಲನ್ನು ಹಡಗಿಗೆ ಹತ್ತಿಸುವ ಚೆನ್ನೈನ ಏಜೆಂಟ್ ಫೋನ್ ಮಾಡಿದ. ಹಡಗು ಹೊರಡುವ ದಿನ ಎರಡು ಸಲ ಮುಂದಕ್ಕೆ ಹೋಯಿತು. ಇನ್ನೂ ತಡವಾದರೆ ಅಂಗಡಿಯ ಸಾಲಿನಲ್ಲಿ ನಿಮ್ಮ ಜಾಗವನ್ನು ಟರ್ಕಿಯ ಪಾಸ್ತಾಕ್ಕೆ ಕೊಡಬೇಕಾಗುತ್ತದೆ ಎಂದು ವ್ಯಾಪಾರಿ ಬರೆದ. ಹಗಲು ಕಾದು ರಾತ್ರಿ ತಣ್ಣಗಾಗುವ ಕಂಟೇನರಿನ ಒಳಗೆ ನೀರು ಹನಿಯುತ್ತದೆ, ಬೂಷ್ಟು ಹಿಡಿಯುತ್ತದೆ ಎಂದು ಎಲ್ಲೋ ಓದಿದ ಮೇಲೆ ನನಗೆ ಅನ್ನ ಸೇರಲಿಲ್ಲ. ತೇವ ಹೀರುವ ಚೀಲಗಳನ್ನು ತರಿಸಿ ಕಂಟೇನರಿನ ಗೋಡೆಯುದ್ದಕ್ಕೂ ಕಟ್ಟಿಸಿದೆ. ಪೆಟ್ಟಿಗೆಗಳ ಕೆಳಗೆ ಇಡುವ ಮರದ ಹಲಗೆಗಳಿಗೆ ಹುಳುವಿನ ಔಷಧಿ ಹೊಡೆಸಿದ ಚೀಟಿಯನ್ನು ನಾಲ್ಕು ಸಲ ಓದಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ ಎಂದರೂ ತಪ್ಪಿಲ್ಲ. ಒಂದು ಸೋಮವಾರ ಬಾಗಿಲಿಗೆ ಸೀಲು ಬಿತ್ತು. ಸಾಹುಕಾರರು ಲಾರಿಯ ಮುಂದೆ ತೆಂಗಿನಕಾಯಿ ಒಡೆದರು. ಬುಧವಾರ ಸಂಜೆಯೊಳಗೆ ಕಂಟೇನರ್ ಬಂದರಿನ ಗೇಟಿನೊಳಗೆ ಹೋಗಬೇಕು, ಶುಕ್ರವಾರ ಹಡಗು.

ಮಂಗಳವಾರ ಬೆಳಿಗ್ಗೆ ಮುಂದಿನ ಆರ್ಡರಿನ ಕೆಲಸ ಶುರುವಾಗಬೇಕಿತ್ತು. ಮನಸ್ಸು ಹಗುರವಾಗಿತ್ತು, ಹಾಗಾಗಿ ನಾನು ಎಂದಿಗಿಂತ ಒಂದು ತಾಸು ಮೊದಲೇ ಬಂದೆ. ತಟ್ಟೆಗಳ ಕೋಣೆಯಲ್ಲಿ ಗುಮ್ಮಘಟ್ಟದ ಅಕ್ಕ ಒಬ್ಬಳೇ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮಗ್ಗುಲಲ್ಲಿ ಒಂದು ಸ್ಟೀಲಿನ ಬಟ್ಟಲು, ಕೈಯಲ್ಲಿ ಬಿಳಿ ಅರಿವೆಯ ಚೂರು. ಒಂದೊಂದೇ ತಟ್ಟೆ ಎತ್ತಿಕೊಂಡು ಜಾಲರಿಯನ್ನು ಆ ಅರಿವೆಯಿಂದ ಒರೆಸಿ ಪೇರಿಸುತ್ತಿದ್ದಳು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಆಮೇಲೆ ವಾಸನೆ ಬಂತು.

ಅದು ಗಾಣದ ಶೇಂಗಾ ಎಣ್ಣೆಯ ವಾಸನೆ. ಹುಟ್ಟಿದಾಗಿನಿಂದ ಮೂಗಿಗೆ ಗೊತ್ತಿರುವ ವಾಸನೆ. ಅದಕ್ಕೇ ಇರಬೇಕು, ಇಷ್ಟು ದಿನ ಆ ಕೋಣೆಗೆ ಬಂದು ಹೋದರೂ ನನಗೆ ಅದು ಬೇರೆಯಾಗಿ ತಿಳಿದೇ ಇರಲಿಲ್ಲ.

"ಅಕ್ಕಾ, ಏನದು ಹಚ್ತಿರೋದು?" ಎಂದೆ.

"ಎಣ್ಣಿ ರೀ. ಅಂಟಬಾರದಲ್ರಿ. ನೀವು ದಿನಾ ಬೈತಿದ್ರಿ, ಅದಕ್ಕ ನಮ್ಮ ಮನಿ ಎಣ್ಣಿ ತಂದು ಒರಸಾಕ ಹತ್ತಿದ್ವಿ. ಈಗ ನೋಡ್ರಿ, ಹೂವಿನಂಗ ಬಿಟ್ಟು ಬರತೈತಿ."

ಯಾವಾಗಿನಿಂದ ಎಂದು ಕೇಳಿದೆ. ಅವಳಿಗೆ ದಿನ ನೆನಪಿರಲಿಲ್ಲ. ನಾನು ಯಾಕೆ ಹೇಳಲಿಲ್ಲ ಎಂದು ರೇಗಿದೆ. ಮಾಲು ತುಂಬುವ ಮೊದಲು ತಪಾಸಣೆಯವರು ಬಂದು, ಪಾಸ್ತಾದಲ್ಲಿ ಏನೇನು ಹಾಕುತ್ತೀರಿ ಎಂದು ಎಲ್ಲರ ಮುಂದೆ ಕೇಳಿದ್ದರಲ್ಲ, ಆಗಲಾದರೂ ಹೇಳಬಾರದಿತ್ತೇ ಎಂದೆ. ಅವಳು ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದಳು.

"ಪಾಸ್ತಾಕ್ಕ ಹಾಕಿಲ್ರಿ, ತಟ್ಟಿಗೆ ಒರಸೀವಿ. ಹಂಚಿಗೆ ಎಣ್ಣಿ ಒರಸಿದ್ರ ದ್ವಾಸಿಗೆ ಎಣ್ಣಿ ಹಾಕಿದಂಗ ಅಕ್ಕೈತೇನ್ರಿ?"

ನಮ್ಮ ಅಮ್ಮನನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದಳು. ಆ ಕಾಗದ ಓದಿ ನಕ್ಕ ದಿನ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ.

ಅಲ್ಲೇ ನೆಲದ ಮೇಲೆ ಕುಳಿತೆ. ಅವಳಿಗೆ ತಿಳಿಸಿ ಹೇಳಲು ನೋಡಿದೆ. ಕೆಲವರ ಮೈಗೆ ಶೇಂಗಾ ಆಗಿಬರುವುದಿಲ್ಲ, ಆ ದೇಶಗಳಲ್ಲಿ ಅಂಥ ಮಕ್ಕಳು ಬಹಳ. ಶಾಲೆಯಲ್ಲಿ ಒಂದು ಮಗು ಈ ಪಾಸ್ತಾ ತಿನ್ನುತ್ತದೆ, ಗಂಟಲು ಬಾತುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಜೀವವೇ ಹೋಗಬಹುದು ಎಂದೆ. ಅವಳ ಕೈಯಲ್ಲಿದ್ದ ಅರಿವೆ ಬಟ್ಟಲಿನಲ್ಲಿ ಬಿತ್ತು.

"ಕೂಸಿಗೆ ಎಷ್ಟು ವಯಸ್ಸು ರೀ?" ಎಂದಳು.

"ನಾಲ್ಕು" ಎಂದುಬಿಟ್ಟೆ. ಯಾಕೆ ನಾಲ್ಕು ಎಂದೆನೋ ನನಗೆ ಈಗಲೂ ಗೊತ್ತಿಲ್ಲ. ಹಾಗೆಂದ ಕ್ಷಣವೇ ಆ ಮಗು ನನ್ನ ಕಣ್ಣ ಮುಂದೆ ಬಂದು ತಟ್ಟೆ ಹಿಡಿದು ಕುಳಿತುಬಿಟ್ಟಿತು. ಮುಂದಿನ ಎರಡು ದಿನ ಅಲ್ಲಿಂದ ಏಳಲಿಲ್ಲ.

ಆಫೀಸಿಗೆ ಹೋಗಿ ಆ ಕಾಗದದ ನಕಲು ತೆಗೆದು ಒಂಬತ್ತನೆಯ ಸಾಲನ್ನು ಮತ್ತೆ ಓದಿದೆ. ಪ್ರಯೋಗಾಲಯದ ವರದಿ ತೆಗೆದೆ. ಶೇಂಗಾ ಅಂಶ ಇಲ್ಲ ಎಂದಿತ್ತು. ಒಂದು ನಿಮಿಷ ಜೀವ ಬಂದಂತಾಯಿತು. ಆದರೆ ನಾವು ಮಾದರಿ ಕಳಿಸಿದ್ದು ಯಾವ ದಿನದ್ದು? ತಲೆ ಎತ್ತಿ ಗೋಡೆ ನೋಡಿದೆ. ಕಟ್ಟು ಹಾಕಿಸಿದ ನನ್ನ ಚಿತ್ರ ಅಲ್ಲೇ ಇತ್ತು. ಗೆರೆ ಎಲ್ಲಿ ಜಾರಿ ಕೆಳಗಿಳಿದಿತ್ತೋ ಆ ದಿನವೇ ಎಣ್ಣೆ ಬಂದ ದಿನ. ಮಾದರಿ ಹೋದದ್ದು ಅದಕ್ಕೆ ಮೊದಲು. ಕಂಟೇನರಿನಲ್ಲಿದ್ದ ಮಾಲಿನಲ್ಲಿ ಮುಕ್ಕಾಲು ಪಾಲು ಆಮೇಲಿನದು. ನನ್ನ ಬುದ್ಧಿವಂತಿಕೆ ಎಂದು ನಾನು ಮೆರೆದದ್ದೆಲ್ಲ ಆ ಸ್ಟೀಲಿನ ಬಟ್ಟಲಿನದಾಗಿತ್ತು. ನಾಚಿಕೆಗಿಂತ ಹೆಚ್ಚಾಗಿ ಆಗ ನನಗಾದದ್ದು ಭಯ. ಇಷ್ಟು ದೊಡ್ಡದು ಕಣ್ಣೆದುರಿಗೇ ನಡೆದು ನನಗೆ ಕಾಣದಿದ್ದರೆ, ಕಾಣದೆ ಹೋದದ್ದು ಇನ್ನೆಷ್ಟಿದೆಯೋ.

ಸಾಹುಕಾರರು ಹತ್ತು ಗಂಟೆಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ನಿಧಾನವಾಗಿ ಒಂದೊಂದೇ ಕೇಳಿದರು. ಒರೆಸಿದ ಎಣ್ಣೆ ಎಷ್ಟು ಅಂಟಿರಲು ಸಾಧ್ಯ? ಒಲೆಯ ಮೇಲೆ ಕುದಿಸುತ್ತಾರಲ್ಲ, ಹೋಗುವುದಿಲ್ಲವೇ? ಮಾಲು ವಾಪಸ್ ತಂದರೆ ವ್ಯಾಪಾರಿ ಇನ್ನೊಮ್ಮೆ ನಮ್ಮ ಮುಖ ನೋಡುತ್ತಾನೆಯೇ? ಈ ಹೆಂಗಸರಿಗೆ ನಾಳೆಯಿಂದ ಏನು ಕೆಲಸ ಕೊಡುವುದು? ಕೊನೆಗೆ, "ಕಾಗದದಾಗ ಕ್ಲೀನ್ ಐತಲ್ರಿ ಮೇಡಂ. ನಾವೇ ಯಾಕ ಹಳ್ಳ ತೋಡಿಕೊಬೇಕು?" ಎಂದರು.

ಕುದಿಸಿದರೂ ಹೋಗುವುದಿಲ್ಲ ಎಂದು ಹೇಳಿದೆ. ಅಂಗಡಿಯ ಎಣ್ಣೆಯಾಗಿದ್ದರೆ ಮೈಗೆ ಆಗದ ಆ ಅಂಶ ಅಷ್ಟಿಷ್ಟು ಸೋಸಿ ಹೋಗಿರುತ್ತಿತ್ತು, ಇದು ಗಾಣದ್ದು, ಬೀಜದ ಸತ್ವವೆಲ್ಲ ಅದರಲ್ಲೇ ಇರುತ್ತದೆ ಎಂದೆ. ಹೊಸ ಪರೀಕ್ಷೆಯ ಉತ್ತರ ಬರಲು ನಾಲ್ಕು ದಿನ ಬೇಕು, ಅಷ್ಟರಲ್ಲಿ ಹಡಗು ಹೋಗಿರುತ್ತದೆ. ಅವರು ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು. ಬೇರೆ ಕಡೆಯಿಂದಲೂ ಏನಾದರೂ ಸೇರಿದೆಯೋ ನೋಡಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಎಂದರು. ಹೊತ್ತು ಕಳೆಯಲು ಹೇಳಿದ ಮಾತು ಅದೆಂದು ಗೊತ್ತಿತ್ತು. ಆದರೂ ಎದ್ದೆ, ಯಾಕೆಂದರೆ ರಾಗಿ ಬರುವ ಚೀಲಗಳ ನೆನಪಾಗಿತ್ತು.

ಕಲ್ಯಾಣದುರ್ಗದ ಮೇಲೆ ಹೋಗುವ ಬಸ್ಸು ಹಿಡಿದು ಮಡಕಶಿರಾಕ್ಕೆ ಹೋದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಶೇಂಗಾ. ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಹುರಿದ ಶೇಂಗಾ ಸುಲಿದು ಮೊಮ್ಮಗಳ ಬಾಯಿಗೆ ಹಾಕುತ್ತಿದ್ದಳು. ಆ ಹುಡುಗಿ ಕೆಮ್ಮಿದಾಗ ನಾನು ಎದ್ದು ನಿಂತುಬಿಟ್ಟೆ. ಹೆಂಗಸು ತಿರುಗಿ ನೋಡಿ, ಇಳಿಯೋರಾ ಎಂದು ಕೇಳಿದಳು. ಇಲ್ಲವೆಂದು ಕುಳಿತೆ. ಈ ನೆಲದಲ್ಲಿ ಹುಟ್ಟಿದ ಪದಾರ್ಥ ಶೇಂಗಾದ ಸೋಂಕಿಲ್ಲದೆ ಹೊರಗೆ ಹೋಗುವುದೆಂದರೆ ಹೇಗೆ ಎಂದು ಮಡಕಶಿರಾ ಬರುವವರೆಗೂ ಯೋಚಿಸಿದೆ.

ರಾಗಿ ವ್ಯಾಪಾರಿಯ ಗೋದಾಮಿನಲ್ಲಿ ಚೀಲ ತಿರುವಿ ನೋಡಿದೆ. ಹೊಲಿಗೆಯ ಸಂದಿನಲ್ಲಿ ಕೆಂಪು ಸಿಪ್ಪೆಯ ಚೂರುಗಳು. ಆತ ನನ್ನನ್ನು ಚಿಕ್ಕಂದಿನಿಂದ ಬಲ್ಲವನು.

"ಕಡ್ಲೆಕಾಯಿ ಚೀಲಾನೇ ಕಣಮ್ಮ. ಚೆನ್ನಾಗಿ ಒದರಿ ತುಂಬಿಸ್ತೀವಿ. ನಿಮ್ಮಪ್ಪನ ಕಾಲದಿಂದ್ಲೂ ಹಂಗೇ ಅಲ್ವಾ?"

ಹೌದು, ಹಾಗೇ. ನಾನೇ ಆರಿಸಿದ ರಾಗಿ, ನನ್ನ ಊರಿನ ಚೀಲ. ರಾಗಿಯನ್ನು ತೊಳೆದು ಒಣಗಿಸಿ ಬೀಸುವುದರಿಂದ ಇದು ಎಣ್ಣೆಯಷ್ಟು ದೊಡ್ಡದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇದನ್ನು ನಾನೊಬ್ಬಳೇ ನೋಡಿದ್ದು, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಹೇಳಿಕೊಂಡೆ. ಆ ಎರಡನೆಯ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೆ ನನ್ನದೇ ಹೆದರಿಕೆಯಾಯಿತು. ಬೆಳಿಗ್ಗೆ ಸಾಹುಕಾರರು ಹೇಳಿದ್ದೂ ಬೇರೇನಲ್ಲ, ಇದೇ.

ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕುಳಿತು ಸಾಹುಕಾರರಿಗೆ ಫೋನ್ ಮಾಡಿದೆ. ಚೀಲದ ಸಂಗತಿ ಮೊದಲು ಹೇಳಿದೆ. ಆಮೇಲೆ, "ಆ ಕಾಗದದ ಮೇಲಿನ ನನ್ನ ಸಹಿ ನಾನು ವಾಪಸ್ ತಗೋತೀನಿ ಸಾರ್. ನೀವು ಒಪ್ಪಿದ್ರೂ ಸರಿ, ಬಿಟ್ರೂ ಸರಿ, ನಾಳೆ ಬೆಳಿಗ್ಗೆ ವಿದೇಶದ ವ್ಯಾಪಾರಿಗೆ ಬರೀತೀನಿ" ಎಂದೆ. ಕೆಲಸ ಹೋಯಿತು ಎಂದುಕೊಂಡೇ ಹೇಳಿದ್ದು.

ಆ ಕಡೆ ಆಫೀಸಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ನಾನೂ ಮುಂಜಾನಿಂದ ಅದನ್ನ ವಿಚಾರ ಮಾಡಾಕ ಹತ್ತೀನ್ರಿ. ನೀವೇ ಹೇಳ್ಲಿ ಅಂತ ಕಾದಿದ್ದೆ. ನನಗ ಧೈರ್ಯ ಸಾಲಿಲ್ಲ" ಎಂದರು. ಏಜೆಂಟನಿಗೆ ತಾವೇ ಹೇಳುವುದಾಗಿ ಹೇಳಿ ಫೋನ್ ಇಟ್ಟರು.

ಹೇಳಿದಷ್ಟು ಸುಲಭವಾಗಿ ಕಂಟೇನರ್ ನಿಲ್ಲುವುದಿಲ್ಲ. ಕಸ್ಟಮ್ಸಿನ ಕಾಗದ ಆಗಲೇ ಮುಂದೆ ಹೋಗಿತ್ತು. ಅದನ್ನು ರದ್ದು ಮಾಡಿಸಲು ಅರ್ಜಿ, ಕಾರಣ, ಅದಕ್ಕೊಂದು ಮುಚ್ಚಳಿಕೆ. ಹಾಳಾಗದ ಮಾಲನ್ನು ವಾಪಸ್ ಯಾಕೆ ಒಯ್ಯುತ್ತೀರಿ ಎಂದು ಏಜೆಂಟ್ ಮೂರು ಸಲ ಕೇಳಿದ. ಬುಧವಾರ ಇಡೀ ದಿನ ನಾನು, ಸಾಹುಕಾರರು ಫೋನಿನ ಎರಡು ಪಕ್ಕ ಕುಳಿತೆವು. ಗೇಟು ಮುಚ್ಚಲು ಇನ್ನೂ ಅರ್ಧ ತಾಸಿರುವಾಗ, ಲಾರಿಯನ್ನು ಸಾಲಿನಿಂದ ಹೊರಗೆ ತೆಗೆದಿದ್ದಾರೆ ಎಂದು ಸುದ್ದಿ ಬಂತು. ನಾನು ಅತ್ತದ್ದು ಆಗ. ಸಾಹುಕಾರರು ನೋಡದವರಂತೆ ಕಿಟಕಿಯ ಕಡೆ ತಿರುಗಿ ನಿಂತರು.

ವ್ಯಾಪಾರಿಗೆ ಬರೆದ ಪತ್ರ ನಾಲ್ಕು ಸಾಲಿನದು. ಅದಕ್ಕೆ ಒಂದು ದಿನ ಹಿಡಿಯಿತು. ಮೊದಲು ಬರೆದದ್ದರಲ್ಲೆಲ್ಲ ಕೆಲಸದ ಹೆಂಗಸರ ಅಜ್ಞಾನದಿಂದ ಎಂಬ ಮಾತು ಹೇಗೋ ನುಸುಳುತ್ತಿತ್ತು. ಅದನ್ನು ಪ್ರತಿ ಸಲವೂ ಹೊಡೆದುಹಾಕಿದೆ. ಕಡೆಗೆ, ತಟ್ಟೆಗೆ ಏನು ಹಚ್ಚುತ್ತಾರೆಂದು ನಾನು ಒಮ್ಮೆಯೂ ಕೇಳಲಿಲ್ಲ ಎಂದು ಬರೆದೆ. ನಿಜವಾಗಿ ನಡೆದದ್ದು ಅಷ್ಟೇ.

ಉತ್ತರ ಬರಲು ಐದು ದಿನವಾಯಿತು. ಅದಕ್ಕೆ ಮೊದಲೇ, ನಾವು ಹೊಸದಾಗಿ ಕಳಿಸಿದ್ದ ಮಾದರಿಗಳ ವರದಿ ಪ್ರಯೋಗಾಲಯದಿಂದ ಬಂತು. ಮೂರು ಮಾದರಿಗಳಲ್ಲಿ ಮೂರರಲ್ಲೂ ಶೇಂಗಾ ಇತ್ತು. ಅದನ್ನು ಓದಿ ಸಮಾಧಾನವಾಯಿತು ಎನ್ನಲಾರೆ. ಹಡಗು ಆಗಲೇ ಹೋಗಿತ್ತು, ನಮ್ಮ ಮಾಲೂ ಅದರಲ್ಲಿದ್ದಿದ್ದರೆ ಎಂದೇ ಯೋಚಿಸುತ್ತಿದ್ದೆ. ವ್ಯಾಪಾರಿ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ನಮ್ಮ ಜಾಗವನ್ನು ಟರ್ಕಿಯವರಿಗೆ ಕೊಟ್ಟಾಗಿದೆ, ಮುಂದೆ ಪ್ರತಿ ದಿನದ ಮಾಲಿಗೂ ಬೇರೆ ಬೇರೆ ಪರೀಕ್ಷೆ ಮಾಡಿಸಿ ಕಳಿಸಿದರೆ ನೋಡೋಣ ಎಂದಷ್ಟೇ ಬರೆದ. ವಾಪಸ್ ಬಂದ ಮಾಲಿನ ಮೇಲೆ ಶೇಂಗಾ ಇದೆ ಎಂದು ಹೊಸ ಚೀಟಿ ಅಂಟಿಸಿ ಬಳ್ಳಾರಿಯ ಅಂಗಡಿಗಳಿಗೆ ಹಾಕಿದೆವು. ಮೂರು ತಿಂಗಳು ಹೆಂಗಸರಿಗೆ ವಾರಕ್ಕೆ ಮೂರೇ ದಿನ ಕೆಲಸ. ನಾನು ಮಾಡಿದ್ದು ಸರಿ ಎಂದು ಗೊತ್ತಿದ್ದರೂ, ಆಟೋ ಬಾರದ ದಿನಗಳಲ್ಲಿ ಗೇಟಿನ ಕಡೆ ಹೋಗಲು ಹಿಂಜರಿಯುತ್ತಿದ್ದೆ.

ಗೋಡೆಯ ಚಿತ್ರವನ್ನು ಇಳಿಸಿದೆ. ಹೊಸ ಚೀಲ ಹೊಲಿಸಿ ಮಡಕಶಿರಾಕ್ಕೆ ಕಳಿಸಿದೆ. ಶೆಡ್ಡಿನೊಳಗೆ ಶೇಂಗಾ ತರುವಂತಿಲ್ಲ ಎಂದು ನಿಯಮ ಮಾಡಿದಾಗ ಹೆಂಗಸರ ಮುಖ ಸಪ್ಪಗಾಯಿತು. ಚಟ್ನಿಪುಡಿ ಇಲ್ಲದೆ ರೊಟ್ಟಿ ಹೆಂಗೆ ಇಳೀತೈತಿ ಎಂದು ಒಬ್ಬಳು ಗೊಣಗಿದಳು. ಬುತ್ತಿಯನ್ನು ಗೇಟಿನ ಆಚೆ ಬೇವಿನ ಮರದ ಕೆಳಗೆ ತಿಂದು, ಸೋಪು ಹಾಕಿ ಕೈ ತೊಳೆದು, ಮೇಲಂಗಿ ಬದಲಿಸಿ ಒಳಗೆ ಬರಬೇಕು. ಮೊದಲ ವಾರ ನಾನು ಬಾಗಿಲಲ್ಲಿ ನಿಂತು ಎಲ್ಲರ ಕೈ ಮೂಸುತ್ತಿದ್ದೆ. ಬೀಗಿತ್ತಿ ಹೆಣ್ಣು ನೋಡಾಕ ಬಂದಾಳ ಎಂದು ಅವರು ನನ್ನನ್ನು ಆಡಿಕೊಂಡು ನಕ್ಕರು. ಗುಮ್ಮಘಟ್ಟದ ಅಕ್ಕ ಮಾತ್ರ ನಗಲಿಲ್ಲ. ತನ್ನ ಸರದಿ ಬಂದಾಗ ಎರಡೂ ಅಂಗೈ ಮುಂದೆ ಹಿಡಿದು, ನಾನು ಮೂಸಿ ಮುಗಿಸುವವರೆಗೂ ಕೆಳಗಿಳಿಸುತ್ತಿರಲಿಲ್ಲ. ತಟ್ಟೆಗೆ ಅಕ್ಕಿ ಹಿಟ್ಟು ಉದುರಿಸಿದರೆ ಆದೀತೇ ಎಂದು ಕೇಳಿದವಳೂ ಅವಳೇ. ಈ ಸಲ ಮೊದಲು ಕೇಳಿದಳು, ಆಮೇಲೆ ಉದುರಿಸಿದಳು. ಎಣ್ಣೆಯಷ್ಟು ಚೆನ್ನಾಗಿ ಬಿಡಲಿಲ್ಲ, ಆದರೆ ಮುರಿಯುವುದು ಮೂರರ ಒಳಗೆ ನಿಂತಿತು.

ಇನ್ನೊಂದು ಕಂಟೇನರ್ ತುಂಬುವ ಹೊತ್ತಿಗೆ ವರ್ಷ ತಿರುಗಿತ್ತು. ಅದೇ ವ್ಯಾಪಾರಿ, ಅದೇ ಹನ್ನೊಂದು ಸಾಲು. ದಿನಕ್ಕೊಂದರಂತೆ ಪರೀಕ್ಷೆಯ ವರದಿಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಆದರೂ ಒಂಬತ್ತನೆಯ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟು ಎದ್ದುಹೋಗಿ, ತಟ್ಟೆಗಳ ಕೋಣೆಯನ್ನು ಇನ್ನೊಮ್ಮೆ ಮೂಸಿ ಬಂದು ಸಹಿ ಹಾಕಿದೆ. ಈಗಲೂ ಹಾಗೇ ಮಾಡುತ್ತೇನೆ. ಆ ಭಯ ಹೋಗಿಲ್ಲ, ಹೋಗುವುದೂ ಬೇಡ.

ಲಾರಿ ಗೇಟು ದಾಟಿ ರಸ್ತೆಗೆ ತಿರುಗಿತು. ಹೆಂಗಸರೆಲ್ಲ ಒಳಗೆ ಹೋದರು. ಗುಮ್ಮಘಟ್ಟದ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕ ಬಂದು ನಿಂತಳು. ಲಾರಿ ಮರೆಯಾಗುವವರೆಗೂ ನೋಡಿದಳು.

"ಮೇಡಂ, ಆ ಕೂಸಿಗೆ ಈಗ ಐದು ತುಂಬಿರಬೇಕಲ್ರಿ?"

ಯಾವ ಕೂಸು ಎಂದು ನಾನು ಕೇಳಲಿಲ್ಲ.

"ಹೌದಕ್ಕ, ತುಂಬೈತೆ" ಎಂದೆ. "ಆರಾಮಾಗೈತೆ."